ನೂರರ ಕೊಕ್ಕೆ

ಕ್ಷಮೆ ಕೇಳಿಯೇ ಶುರುಮಾಡಬೇಕು. ಪ್ರುಸಾಕ್ ಯಾರಿಗೂ ಹೇಳದೆ ಇಟ್ಟುಕೊಂಡ ಸಂಗತಿ ಇದು. ಅವನು ಹೇಳದ್ದನ್ನು ಇನ್ನೊಬ್ಬರು ಹೇಳುವುದು ಅಂಥ ಮರ್ಯಾದೆಯ ಕೆಲಸವೇನಲ್ಲ. ಆದರೂ, ಅಂದು ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ಅವನು ನಗರಸಭೆಯ ಶೆಡ್ಡಿನ ಬೀಗ ತೆಗೆದು, ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ಒಂದು ಬೋರ್ಡನ್ನು ತಿರುಗಿಸಿ, ಕೊನೆಯ ಕೊಕ್ಕೆಯಿಂದ ಮೂರರ ತಗಡು ಇಳಿಸಿ ನಾಲ್ಕರ ತಗಡು ಸಿಕ್ಕಿಸಿದ.

ಇನ್ನೂರ ಎಪ್ಪತ್ತನಾಲ್ಕು.

ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನಾಲ್ಕು ಸ್ವಲ್ಪ ಎಡಕ್ಕೆ ವಾಲಿತ್ತು. ಬೆರಳ ತುದಿಯಿಂದ ಸರಿಮಾಡಿದ. ಬೋರ್ಡನ್ನು ಮತ್ತೆ ಗೋಡೆಯ ಕಡೆಗೆ ತಿರುಗಿಸಿಟ್ಟು, ಬೀಗ ಹಾಕಿ, ಕೈಯ ತುಕ್ಕನ್ನು ಹೊರಗಿನ ಮಾರ್ಚ್ ತಿಂಗಳ ಕೊಳೆ ಹಿಮದಲ್ಲಿ ಉಜ್ಜಿಕೊಂಡ.

ಹತ್ತು ಗಂಟೆಗೆ ಅವನ ಸಾಕ್ಷಿ ಇತ್ತು.

ಹಾರ್ಲನ್ ಫಾಲ್ಸ್ ಎಂಬ ಆ ಊರಿನಲ್ಲಿ ಫಲಕ ನಿಯಮದ ತನಿಖಾಧಿಕಾರಿ ಅಂದರೆ ಓರಿನ್ ಪ್ರುಸಾಕ್ ಒಬ್ಬನೇ. ಹನ್ನೊಂದು ವರ್ಷದಿಂದ ಅದೇ ಕೆಲಸ. ರಾತ್ರಿ ತರಗತಿಗೆ ಹೋಗಿ ಎರಡು ವರ್ಷ ಓದಿ ಸಂಪಾದಿಸಿದ ಪ್ರಮಾಣಪತ್ರವೊಂದು ಅವನ ಮೇಜಿನ ಹಿಂದೆ ನೇತಾಡುತ್ತಿತ್ತು. ಅಂಗಳದಲ್ಲಿ, ರಸ್ತೆ ಬದಿಯಲ್ಲಿ, ಅಂಗಡಿಯ ನೆತ್ತಿಯ ಮೇಲೆ ಯಾರು ಏನು ನಿಲ್ಲಿಸಿದರೂ ಅವನು ಹೋಗಿ ಅಳೆಯಬೇಕು, ಯಾವ ಬಗೆಯದೆಂದು ನಮೂನೆಯಲ್ಲಿ ಬರೆಯಬೇಕು. ಮನೆ ಮಾರಾಟದ್ದಾದರೆ ಒಂದು ಅಳತೆ, ಚರ್ಚಿನದಾದರೆ ಒಂದು. ರಾಜಕೀಯದ್ದಾದರೆ ಚುನಾವಣೆಗೆ ಅರವತ್ತು ದಿನ ಮೊದಲು ನೆಡಬಹುದು, ಅದಕ್ಕೂ ಮುಂಚೆ ಕೂಡದು. ಸತ್ತವರ ಸ್ಮರಣೆಯದಾದರೆ ನಾಲ್ಕು ಚದರ ಅಡಿ, ಒಂದು ವರ್ಷ.

ನಮೂನೆಯಲ್ಲಿ ಬಗೆಯನ್ನಷ್ಟೇ ಬರೆದರೆ ಸಾಕಿತ್ತು. ಪ್ರುಸಾಕ್ ಬೋರ್ಡಿನ ಮೇಲಿದ್ದ ಪ್ರತಿ ಅಕ್ಷರವನ್ನೂ ಬರೆದುಕೊಳ್ಳುತ್ತಿದ್ದ. ತಪ್ಪಾಗಬಾರದಲ್ಲ. ಬರೆದುಕೊಂಡ ಮೇಲೆ ಆ ಮಾತು ಕಾಗದಕ್ಕೆ ಸೇರಿದ್ದು, ತನ್ನೊಳಗೆ ಇಟ್ಟುಕೊಳ್ಳಬೇಕಾಗಿರಲಿಲ್ಲ.

ವರ್ನಾ ಟ್ಯಾಕೆಟ್‌ಳ ಬೋರ್ಡನ್ನೂ ಹಾಗೇ ಬರೆದುಕೊಂಡಿದ್ದ.

ನನ್ನ ಮಗ ಡೇಲ್ ನಿಮ್ಮ ಜೈಲಿನಲ್ಲಿ ನಾಲ್ಕು ದಿನ ಇನ್ಸುಲಿನ್ ಕೇಳಿದ. ಅವನು ಹೋಗಿ ಇಷ್ಟು ದಿನ. ಯಾರೂ ಬಂದು ನನಗೆ ಏನೂ ಹೇಳಿಲ್ಲ.

‘ಇಷ್ಟು’ ಎನ್ನುವ ಕಡೆ ಮೂರು ಕೊಕ್ಕೆಗಳಿದ್ದವು. ಡೇಲ್ ಕೆಲಸಕ್ಕಿದ್ದ ಪೆಟ್ರೋಲ್ ಬಂಕು ಮುಚ್ಚಿಹೋದಾಗ ಅಲ್ಲಿಯ ದರದ ಫಲಕದ ತಗಡಿನ ಅಂಕಿಗಳನ್ನು ಅವನೇ ಒಂದು ಡಬ್ಬಿಯಲ್ಲಿ ತುಂಬಿ ಮನೆಗೆ ತಂದಿದ್ದನಂತೆ. ವರ್ನಾ ದಿನಾ ಬೆಳಿಗ್ಗೆ ಅಂಕಿ ಬದಲಿಸುತ್ತಿದ್ದಳು.

ಮೊದಲ ಸಲ ಅಳೆಯಲು ಹೋದಾಗ ಅಂಕಿ ಇಪ್ಪತ್ತಾರಿತ್ತು. ಎರಡಡಿ ಉದ್ದ, ಎರಡಡಿ ಅಗಲ. ಸರಿಯಾಗಿ ನಾಲ್ಕು ಚದರ ಅಡಿ. ಪ್ರುಸಾಕ್ ನಮೂನೆಯಲ್ಲಿ ‘ಸ್ಮರಣೆ’ ಎಂದು ಬರೆದ. ಟೇಪು ಸುತ್ತಿಕೊಳ್ಳುತ್ತ, ಸುಮ್ಮನೆ ಹೋಗಲಾರದೆ, ಎರಡೇ ಅಂಕಿಗೆ ಮೂರು ಕೊಕ್ಕೆ ಯಾಕಮ್ಮ ಎಂದು ಕೇಳಿದ.

ವರ್ನಾ ಮೆಟ್ಟಿಲ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಅದು ನೂರರದ್ದು. ಈ ಊರಿನ ನಡಿಗೆ ನನಗೆ ಗೊತ್ತಿಲ್ವೇನಪ್ಪ.”

ಅವನು ಕಚೇರಿ ಮುಟ್ಟುವಷ್ಟರಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಊರಿನ ಆಡಳಿತಾಧಿಕಾರಿ ಗಟ್ಟಿಯಾಗಿ ಮಾತಾಡುವವನಲ್ಲ. ಆ ಬೋರ್ಡನ್ನು ಓದಿದೆಯಾ ಎಂದು ಕೇಳಿದ. ಓದಿದೆ ಎಂದ ಪ್ರುಸಾಕ್. ಇನ್ನೊಂದು ಸಲ ಓದು, ಎಂದು ಆತ ಫೋನಿಟ್ಟ.

ಪ್ರುಸಾಕ್ ಇನ್ನೊಂದು ಸಲ ಓದಿದ. ‘ಸ್ಮರಣೆ’ಯ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ರಾಜಕೀಯ’ ಎಂದು ಬರೆದ. ಚುನಾವಣೆ ನವೆಂಬರಿನಲ್ಲಿತ್ತು. ಆಗ ಜುಲೈ.

ಎರಡು ನೋಟೀಸಾದ ಮೇಲೆ ಆಗಸ್ಟಿನಲ್ಲಿ ಹೋಗಿ ಬೋರ್ಡು ಕಿತ್ತ. ಅಂದಿಗೆ ಅರವತ್ತೊಂದು ದಿನ. ವರ್ನಾ ತಡೆಯಲಿಲ್ಲ. ಹಿಂದಿನ ದಿನವಷ್ಟೇ ಇಡೀ ಬೋರ್ಡಿಗೆ ಹೊಸದಾಗಿ ಬಿಳಿ ಬಳಿದು ಅಕ್ಷರ ತಿದ್ದಿದ್ದಳು.

“ಮೆತ್ತಗೆ ಹಿಡ್ಕೋ, ಬಣ್ಣ ಇನ್ನೂ ಹಸಿ ಇದೆ. ನಿನ್ನ ಅಂಗಿಗೆ ಹತ್ತುತ್ತೆ.”

ಆಮೇಲೆ ಒಳಗೆ ಹೋಗಿ ತಗಡಿನ ಡಬ್ಬಿ ತಂದು ಅವನ ಗಾಡಿಯಲ್ಲಿಟ್ಟಳು. ಬೋರ್ಡಿಲ್ಲದೆ ಇದನ್ನಿಟ್ಕೊಂಡು ಏನು ಮಾಡ್ಲಿ ಎಂದಳು. ಅವಳ ಹಿಂದೆ, ತೆರೆದ ಬಾಗಿಲಿನ ಆಚೆ, ಮೇಜಿನ ಮೇಲೆ ಮುಚ್ಚಳ ಹಾಕಿದ ಪಾತ್ರೆಗಳು ಸಾಲಾಗಿ ಕಂಡವು. ನೆರೆಯವರು ತಂದಿಟ್ಟದ್ದು. ಅವನು ನೋಡಿದ್ದನ್ನು ಅವಳು ನೋಡಿದಳು.

“ಎರಡು ತಿಂಗಳಾಯ್ತು, ಅಡುಗೆ ತರೋದು ಇನ್ನೂ ನಿಲ್ಲಿಸಿಲ್ಲ ನೋಡು. ಮಾತು ಮಾತ್ರ ಯಾರೂ ತರಲ್ಲ.”

ಮರುದಿನ ಬೆಳಿಗ್ಗೆ ಪ್ರುಸಾಕ್ ಯಾವುದೋ ಕೆಲಸಕ್ಕೆಂದು ಶೆಡ್ಡಿಗೆ ಹೋದ. ಕಿತ್ತು ತಂದ ಬೋರ್ಡುಗಳನ್ನೆಲ್ಲ ಗೋಡೆಗೆ ಮುಖಮಾಡಿ ಒರಗಿಸುವುದು ಅವನದೇ ರೂಢಿ. ಅಷ್ಟು ಜನ ಒಟ್ಟಿಗೆ ಏನೇನೋ ಹೇಳುತ್ತ ನಿಂತಿರುವಲ್ಲಿ ಒಬ್ಬನೇ ಒಳಗೆ ಬರುವುದು ಅವನಿಗೆ ಆಗುತ್ತಿರಲಿಲ್ಲ. ಇದೊಂದನ್ನು ಮಾತ್ರ, ಬಣ್ಣ ಆರಲೆಂದು, ಹೊರಮುಖವಾಗಿ ನಿಲ್ಲಿಸಿದ್ದ. ಅರವತ್ತೊಂದು ದಿನ ಎನ್ನುತ್ತಿತ್ತು. ಅಂದಿಗೆ ಅರವತ್ತೆರಡಾಗಿತ್ತು.

ತಪ್ಪು ಲೆಕ್ಕ ಕಣ್ಣೆದುರಿಗಿದ್ದರೆ ಅವನಿಗೆ ಕೈ ಸುಮ್ಮನಿರುವುದಿಲ್ಲ. ತಿದ್ದಿದ. ಮಾರನೇ ದಿನ ಮತ್ತೆ ತಪ್ಪಾಗಿತ್ತು. ಮತ್ತೆ ತಿದ್ದಿದ. ಭಾನುವಾರ ತಿದ್ದಿದ, ಕ್ರಿಸ್‌ಮಸ್ಸಿನ ದಿನ ಹಿಮ ಅಗೆದು ಬಾಗಿಲು ಬಿಡಿಸಿ ತಿದ್ದಿದ. ಇದು ದುಃಖವಲ್ಲ, ಬರೀ ನಿಖರತೆ ಎಂದು ತನಗೆ ತಾನೇ ಹೇಳಿಕೊಂಡ. ಗಡಿಯಾರಕ್ಕೆ ಕೀಲಿ ಕೊಡುವವನು ಕಾಲದ ಬಗ್ಗೆ ಅಳುತ್ತಾನೆಯೇ.

ನೂರನೇ ದಿನ ಮೊದಲ ಕೊಕ್ಕೆಗೆ ಒಂದರ ತಗಡು ಸಿಕ್ಕಿಸಿದಾಗ ಮಾತ್ರ ಸ್ವಲ್ಪ ಹೊತ್ತು ತಲೆಕೆಳಗಾಗಿಟ್ಟ ಬಣ್ಣದ ಡಬ್ಬದ ಮೇಲೆ ಕೂತಿದ್ದ.

ವರ್ನಾ ಅಷ್ಟರಲ್ಲಿ ನಗರಸಭೆಯ ಮೇಲೆ ದಾವೆ ಹೂಡಿದ್ದಳು. ನನ್ನ ಅಂಗಳದಲ್ಲಿ ನಾನು ಆಡುವ ಮಾತಿಗೆ ಇಂಥ ಬಗೆ ಎಂದು ಹೆಸರಿಟ್ಟು ಕಿತ್ತುಕೊಳ್ಳಲು ನೀವು ಯಾರು ಎಂಬುದು ದಾವೆಯ ಸಾರ.

ನಗರಸಭೆಯ ಲಾಯರು ಪಿಂಕ್ನಿ, ಆ ಮಾರ್ಚಿನ ಬೆಳಿಗ್ಗೆ ಸಾಕ್ಷಿಗೆ ಮುಂಚೆ ಪ್ರುಸಾಕ್‌ನನ್ನು ಕಾರಿಡಾರಿನ ಮೂಲೆಗೆ ಕರೆದೊಯ್ದ. ಅರವತ್ತು ದಾಟಿದ ಆಳು. ಬಾಯಲ್ಲಿ ಸದಾ ಪುದೀನಾ ಗುಳಿಗೆ. ಬೋರ್ಡಿನ ಮೇಲಿನ ಮಾತು ನೋಡಿ ಬಗೆ ತೀರ್ಮಾನವಾಗುತ್ತದೆ ಎಂದಾದರೆ ಕೋರ್ಟಿನಲ್ಲಿ ನಿಯಮವೇ ಬಿದ್ದುಹೋಗುತ್ತದೆ, ಓದಿಯೇ ಕಿತ್ತರು ಎಂದಾಗಿಬಿಡುತ್ತದೆ ಎಂದು ಬಿಡಿಸಿ ಹೇಳಿದ. ಗೆರೆ ಎಳೆದದ್ದು ತಪ್ಪನ್ನು ತಿದ್ದಲಿಕ್ಕೆ, ಅಷ್ಟೆ.

“ನೀನು ಟೇಪು ಕಣಯ್ಯ ಪ್ರುಸಾಕ್. ಅಳೆಯೋ ಟೇಪು. ಟೇಪು ಓದುತ್ತಾ?”

“ಫೋನು ಬಂದಿತ್ತಲ್ಲ, ಸರ್.”

ಪಿಂಕ್ನಿ ಗುಳಿಗೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ.

“ನೆನಪಿಲ್ಲ ಅನ್ನೋದು ಸುಳ್ಳಲ್ಲ. ವಯಸ್ಸಾದವರೆಲ್ಲ ಹೇಳೋ ಮಾತು.”

ಪ್ರುಸಾಕ್‌ಗೆ ನಲವತ್ತೊಂಬತ್ತು.

ನ್ಯಾಯಾಧೀಶರಿರಲಿಲ್ಲ, ವಿಚಾರಣೆಗೆ ಮುಂಚೆ ಲಾಯರುಗಳೇ ಬರೆಸಿಕೊಳ್ಳುವ ಸಾಕ್ಷಿ ಇದು. ಕೋಣೆಯಲ್ಲಿ ಉದ್ದ ಮೇಜು, ನೀರಿನ ಹೂಜಿ, ಮೂಲೆಯಲ್ಲಿ ಆಡಿದ್ದನ್ನೆಲ್ಲ ಟೈಪು ಮಾಡುವ ಹೆಂಗಸು. ಎದುರಿಗೆ ವರ್ನಾಳ ಲಾಯರು ಗ್ರೆಟಾ ಸಾಲ್ವೆಸನ್. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಅವಳ ಪಕ್ಕ ವರ್ನಾ. ಕೋಟು ಬಿಚ್ಚಿರಲಿಲ್ಲ. ಪ್ರುಸಾಕ್ ಪ್ರಮಾಣ ಮಾಡಿದ.

ಮೊದಲ ಅರ್ಧ ಗಂಟೆ ಸಲೀಸಾಗಿ ಹೋಯಿತು. ಹನ್ನೊಂದು ವರ್ಷದಲ್ಲಿ ಎಷ್ಟು ಬೋರ್ಡು ಕಿತ್ತಿರಬಹುದು, ಸುಮಾರು ಹೇಳಿ ಎಂದು ಸಾಲ್ವೆಸನ್ ಕೇಳಿದಳು. ನಾಲ್ಕು ಸಾವಿರದ ಇನ್ನೂರ ಹದಿನಾರು ಎಂದ. ಅವಳು ಕನ್ನಡಕದ ಮೇಲಿಂದ ನೋಡಿದಳು. ಟೈಪು ಮಾಡುವ ಹೆಂಗಸೂ ನೋಡಿದಳು.

ಆಮೇಲೆ ಅವಳು ನಮೂನೆಯನ್ನು ಅವನ ಮುಂದೆ ಸರಿಸಿದಳು.

“ಇಲ್ಲಿ ‘ಸ್ಮರಣೆ’ ಅಂತ ಇದೆ. ಹೊಡೆದುಹಾಕಿ ‘ರಾಜಕೀಯ’ ಅಂತ ಬರೆದಿದ್ದೀರಿ. ನಡುವೆ ಏನಾಯ್ತು?”

“ತಪ್ಪಾಗಿತ್ತು. ತಿದ್ದಿದೆ.”

“ಬೋರ್ಡಿನ ಅಳತೆ ಬದಲಾಗಿತ್ತೇ?”

“ಇಲ್ಲ.”

“ಜಾಗ?”

“ಇಲ್ಲ.”

“ಮತ್ತೆ ಓದದೆ ಹೇಗೆ ಗೊತ್ತಾಯ್ತು, ತಪ್ಪು ಅಂತ?”

ಪಿಂಕ್ನಿ ಆಕ್ಷೇಪವಿದೆ ಎಂದ. ಪ್ರುಸಾಕ್ ನೀರು ಕುಡಿದ. ನಡುವೆ ಯಾರಾದರೂ ಫೋನು ಮಾಡಿದ್ದರೇ ಎಂದು ಅವಳು ಕೇಳಿದಳು. ಮೇಜಿನಾಚೆ ವರ್ನಾ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣವಿದ್ದಂತೆ ಕಂಡಿತು. ಇರಲಾರದು, ಏಳು ತಿಂಗಳಾಗಿದೆ.

“ನೆನಪಿಲ್ಲ,” ಎಂದ ಪ್ರುಸಾಕ್.

ಟೈಪಿನ ಕೀಲಿಗಳು ಮೆಲ್ಲಗೆ ಟಕಟಕ ಎಂದವು. ಬೋರ್ಡುಗಳ ಲೆಕ್ಕ ಒಂದೂ ಮರೆಯದವನಿಗೆ ಒಂದು ಫೋನು ನೆನಪಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ.

ಸಾಲ್ವೆಸನ್ ಹಾಳೆ ಮಗುಚಿದಳು. ನಿಮ್ಮ ಮನೆ ಅಂಗಳದಲ್ಲಿ ಎಂದಾದರೂ ಬೋರ್ಡು ನಿಲ್ಲಿಸಿದ್ದೀರಾ ಎಂದು ಕೇಳಿದಳು. ಇಲ್ಲ ಎಂದ. ನಿಲ್ಲಿಸಬೇಕು ಅನ್ನಿಸಿದ್ದಿದೆಯೇ? ಇದಕ್ಕೂ ದಾವೆಗೂ ಏನು ಸಂಬಂಧ ಎಂದು ಪಿಂಕ್ನಿ ಗೊಣಗಿದ. ಆದರೂ ಉತ್ತರ ಕೊಡು ಎಂದು ಸನ್ನೆ ಮಾಡಿದ.

ಪ್ರುಸಾಕ್ ಪ್ರಾಮಾಣಿಕವಾಗಿಯೇ ಯೋಚಿಸಿದ. ತನ್ನ ಮನೆಯ ಮುಂದಿನ ಹುಲ್ಲು ಕಣ್ಣಿಗೆ ಬಂತು. ಅದರ ನಡುವೆ ಒಂದು ಬೋರ್ಡು ಬಂತು. ಎರಡಡಿ ಉದ್ದ, ಎರಡಡಿ ಅಗಲ. ರಸ್ತೆಯಿಂದ ಹತ್ತಡಿ ಒಳಗೆ. ಅದರ ಮೇಲೆ ಬರೆಯುವುದಕ್ಕಾಗಿ ಕಾದ. ಏನೂ ಬರಲಿಲ್ಲ. ಇನ್ನೂ ಕಾದ. ಟೈಪು ಮಾಡುವ ಹೆಂಗಸಿನ ಬೆರಳುಗಳು ಕೀಲಿಗಳ ಮೇಲೆ ನಿಂತೇ ಇದ್ದವು.

“ಏನಂತ?” ಎಂದು ಅವನೇ ಕೇಳಿದ.

ಅದೂ ಟೈಪಾಯಿತು.

ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಮಾರ್ಲೀನ್ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೊರಟುಹೋಗಿದ್ದಳು. ಹಳದಿ ಚೀಟಿ, ಮೂರಿಂಚು ಅಗಲ, ಐದಿಂಚು ಉದ್ದ. ಅದನ್ನು ಅವನು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಏನಿತ್ತು ಅದರಲ್ಲಿ ಎಂದು ಈಗ, ಪ್ರಮಾಣ ಮಾಡಿ ಕೂತಿರುವಾಗ, ಹುಡುಕಿದ. ಹಳದಿ, ಮೂರು, ಐದು. ಅಷ್ಟೇ ಸಿಕ್ಕಿತು.

ಕೊನೆಯ ಪ್ರಶ್ನೆಯನ್ನು ಸಾಲ್ವೆಸನ್ ಕಾಗದ ಜೋಡಿಸಿಕೊಳ್ಳುತ್ತ ಕೇಳಿದಳು. ವಶಪಡಿಸಿಕೊಂಡ ಬೋರ್ಡು ಈಗ ಯಾವ ಸ್ಥಿತಿಯಲ್ಲಿದೆ?

“ಕಿತ್ತ ದಿನ ಹೇಗಿತ್ತೋ ಹಾಗೇ ಇದೆ,” ಎಂದು ಪಿಂಕ್ನಿಯೇ ಹೇಳಿದ. “ಫೋಟೋ ಇದೆಯಲ್ಲ. ಅರವತ್ತೊಂದು.”

“ಸಾಕ್ಷಿ ಹೇಳಲಿ. ಯಾರೂ ಮುಟ್ಟಿಲ್ಲ ತಾನೇ, ಪ್ರುಸಾಕ್ ಅವರೇ?”

“ಇಲ್ಲ.”

ಅದು ಎಷ್ಟು ಸುಲಭವಾಗಿ ಬಂತೆಂದರೆ, ಬಂದ ಮೇಲೆಯೇ ಅವನಿಗೆ ಕೇಳಿಸಿತು. ಹಾಗಾದರೆ ಇವತ್ತೇ ನಾಲ್ಕು ಗಂಟೆಗೆ ಶೆಡ್ಡಿನಲ್ಲಿ ನೋಡಿಬಿಡೋಣ, ನನ್ನ ಕಕ್ಷಿದಾರರೂ ಬರ್ತಾರೆ ಎಂದಳು ಸಾಲ್ವೆಸನ್. ಧಾರಾಳವಾಗಿ ಬನ್ನಿ ಎಂದ ಪಿಂಕ್ನಿ.

ಮಧ್ಯಾಹ್ನ ಎಂದಿನ ಹೋಟೆಲಿನಲ್ಲಿ ಸೂಪು ಮುಂದಿಟ್ಟುಕೊಂಡು ಕೂತ. ಬಡಿಸುವ ಡಾಟ್ ಅವನನ್ನು ಹನ್ನೊಂದು ವರ್ಷದಿಂದ ಒಂದೇ ಮಾತಿನಲ್ಲಿ ಕೆಣಕುತ್ತಿದ್ದವಳು. ಬಾಗಿಲ ಮೇಲಿನ ನಮ್ಮ ಬೋರ್ಡು ರಾತ್ರಿ ಎರಡಿಂಚು ಬೆಳೆದಿದೆ, ಬಂದು ಅಳೆದ್ಕೊಂಡು ಹೋಗಿ ಸಾಹೇಬ್ರೇ ಎನ್ನುವಳು. ಇವತ್ತೂ ಅಂದಳು. ಅವನು ನಗದ್ದು ನೋಡಿ ದನಿ ಇಳಿಸಿ, ವರ್ನಾ ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದ. ನಾನೂ ಒಂದು ಸಲ ಹೋಗಬೇಕು ಅಂತಿದ್ದೆ, ಏನು ಮಾತಾಡೋದು ಅಂತ ಗೊತ್ತಾಗದೆ ಸೇಬಿನ ಕಡುಬು ಮಾಡಿ ಕಳಿಸಿಬಿಟ್ಟೆ ಎಂದಳು.

ಸೂಪಿನ ಮೇಲೆ ಕೆನೆಗಟ್ಟಿತು.

ಮೂರು ಗಂಟೆಗೆ ಶೆಡ್ಡಿಗೆ ಹೋದ. ಬೋರ್ಡು ತಿರುಗಿಸಿದ. ಇನ್ನೂರ ಎಪ್ಪತ್ತನಾಲ್ಕು, ಬೆಳಿಗ್ಗೆ ಬಿಟ್ಟುಹೋದ ಹಾಗೇ ಇತ್ತು. ಮಾಡಬೇಕಾದ್ದು ಒಂದು ನಿಮಿಷದ ಕೆಲಸ. ಮೂರು ತಗಡು ಇಳಿಸಿ ಎರಡು ತಗಡು ಸಿಕ್ಕಿಸಬೇಕು, ನೂರರ ಕೊಕ್ಕೆ ಖಾಲಿ ಬಿಡಬೇಕು. ಮಾಡದಿದ್ದರೆ ಸುಳ್ಳು ಸಾಕ್ಷಿ, ಕೆಲಸ ಹೋಗುವುದು, ಇನ್ನೂ ಏನೇನೋ. ಮಾಡಿದರೆ ಯಾರಿಗೂ ಏನೂ ಇಲ್ಲ.

ಎರಡನ್ನು ಇಳಿಸಿದ. ಏಳನ್ನು ಇಳಿಸಿದ. ನಾಲ್ಕನ್ನು ಇಳಿಸಿದ. ಕೋಟಿನ ಜೇಬಿಗೆ ಹಾಕಿಕೊಂಡ. ಡಬ್ಬಿಯಲ್ಲಿ ಆರು ಕೈಗೆ ಸಿಕ್ಕಿತು, ಸಿಕ್ಕಿಸಿದ. ಒಂದನ್ನು ಹಿಡಿದುಕೊಂಡು ನಿಂತ.

ಇಷ್ಟು ತಿಂಗಳಲ್ಲಿ ಈ ಬೋರ್ಡು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಇಡೀ ಊರಿನಲ್ಲಿ ಆ ಹುಡುಗ ಹೋಗಿ ಎಷ್ಟು ದಿನ ಎಂದು ದಿನದಿನವೂ ತಿಳಿದಿದ್ದ ಜಾಗ ಇದೊಂದೇ, ಅದೂ ಗೋಡೆಗೆ ಮುಖ ಮಾಡಿಕೊಂಡು. ಈಗ ಇನ್ನೂರ ಹದಿಮೂರು ಬೆಳಗುಗಳನ್ನು ಅವನು ಒಂದೊಂದಾಗಿ ಅಳಿಸಬೇಕಿರಲಿಲ್ಲ. ಒಂದೇ ಸಲಕ್ಕೆ ಅಳಿಸಬಹುದಿತ್ತು. ಅದೇ ಅವನಿಗೆ ಹೆದರಿಕೆಯಾದದ್ದು.

ಒಂದನ್ನು ಸಿಕ್ಕಿಸಿದ. ಬೋರ್ಡನ್ನು ಗೋಡೆಗೆ ತಿರುಗಿಸಿಟ್ಟ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕಾರುಗಳ ಬಾಗಿಲು ಮುಚ್ಚಿದ ಸದ್ದಾಯಿತು.

ಮೊದಲು ಪಿಂಕ್ನಿ ಬಂದ, ಕೈಯಲ್ಲಿ ಫೋಟೋ. ಹಿಂದೆ ಸಾಲ್ವೆಸನ್. ಕೊನೆಗೆ ವರ್ನಾ, ಹೊಸ್ತಿಲ ಬಳಿ ಬೂಟಿನ ಕೆಸರು ಒರೆಸಿಕೊಂಡು, ಯಾರದೋ ಮನೆಗೆ ಬಂದವಳ ಹಾಗೆ. ಉದ್ದಕ್ಕೂ ಗೋಡೆಗೆ ಮುಖಮಾಡಿ ನಿಂತ ಬೋರ್ಡುಗಳ ಬೆನ್ನು ನೋಡಿದಳು.

“ಇಷ್ಟೂ ಜನಾನ ಹೀಗೇ ನಿಲ್ಲಿಸಿದ್ದೀಯಾ?” ಎಂದಳು ಪ್ರುಸಾಕ್‌ಗೆ.

ತಿರುಗಿಸಯ್ಯ ಎಂದ ಪಿಂಕ್ನಿ. ಪ್ರುಸಾಕ್ ತಿರುಗಿಸಿದ. ಸಾಲ್ವೆಸನ್ ಫೋಟೋವನ್ನೂ ಬೋರ್ಡನ್ನೂ ಒಂದಾದ ಮೇಲೊಂದು ನೋಡಿದಳು. ಅರವತ್ತೊಂದು, ಅರವತ್ತೊಂದು. ಟಿಪ್ಪಣಿ ಬರೆದುಕೊಂಡಳು. ಫೋನಿನಲ್ಲಿ ಎರಡು ಚಿತ್ರ ತೆಗೆದಳು. ತನ್ನ ಕಡೆಯಿಂದ ಆಯಿತೆಂದಳು. ಇಬ್ಬರು ಲಾಯರುಗಳೂ ಮುಂದಿನ ತಾರೀಕಿನ ಮಾತಾಡುತ್ತ ಬಾಗಿಲ ಕಡೆ ನಡೆದರು.

ವರ್ನಾ ಹೋಗಲಿಲ್ಲ. ಬೋರ್ಡಿನ ಹತ್ತಿರ ಬಂದು ನಿಂತಳು.

“ಇದು ಹೋದ ಮೇಲೆ ನಾನು ಎಣಿಸೋದು ಬಿಟ್ಟೆ,” ಎಂದಳು. ಅವನಿಗೆ ಎಂದೇನಲ್ಲ. “ಬೆಳಿಗ್ಗೆ ಎದ್ದರೆ ಒಂದು ಕೆಲಸ ಇರ್ತಿತ್ತು. ಒಂದು ದಿನ ಎದ್ದು ನೋಡ್ತೀನಿ, ಎಷ್ಟನೇ ದಿನ ಅಂತ ಗೊತ್ತಿಲ್ಲ. ಕ್ಯಾಲೆಂಡರ್ ತೆಗೆದು ಎಣಿಸಬಹುದು. ಆದ್ರೆ ಹಾಗೆ ಎಣಿಸೋದೇ ಬೇರೆ.”

ಅವಳು ಕೈ ಚಾಚಿ ಆರನ್ನು ಮುಟ್ಟಿದಳು. ತಗಡು ಅಲ್ಲಾಡಿತು. ಅಲ್ಲಾಡಿ ಅಲ್ಲಾಡಿ ಹಿಂದಿನ ಬಿಳಿ ಬಣ್ಣದ ಮೇಲೆ ಕಮಾನಿನ ಆಕಾರದ ಗೀರು ಬಿದ್ದಿತ್ತು. ಗೀರಿನಲ್ಲಿ ಮರ ಕಾಣುತ್ತಿತ್ತು. ಒಂದರ ಹಿಂದೆಯೂ ಅಂಥದೇ ಗೀರು. ಕಿತ್ತುಕೊಂಡು ಹೋಗುವ ಹಿಂದಿನ ದಿನ ತಾನೇ ಬಳಿದ ಬಣ್ಣ.

ಆಮೇಲೆ ಅವಳ ಬೆರಳು ಮೊದಲ ಕೊಕ್ಕೆಗೆ ಹೋಯಿತು. ಖಾಲಿ ಕೊಕ್ಕೆ. ಅವಳು ಒಮ್ಮೆಯೂ ಏನನ್ನೂ ನೇತುಹಾಕದ ಕೊಕ್ಕೆ. ಅದರ ಕೆಳಗೂ ಬಣ್ಣ ಸವೆದು, ಅದೇ ಕಮಾನಿನ ಗೀರು ಬಿದ್ದಿತ್ತು.

ಬೆರಳು ಅಲ್ಲಿಯೇ ನಿಂತಿತು. ಅವಳು ತಿರುಗಿ ಪ್ರುಸಾಕ್‌ನ ಮುಖ ನೋಡಿದಳು. ಮೊದಲ ಬಾರಿಗೆ ಅವನನ್ನು ಓದುತ್ತಿರುವ ಹಾಗೆ, ಪ್ರತಿ ಅಕ್ಷರ ಬಿಡದೆ. ಅವನ ಕೈ ಜೇಬಿನೊಳಗಿತ್ತು. ಮೂರು ತಗಡುಗಳ ಅಂಚು ಅಂಗೈಗೆ ಒತ್ತುತ್ತಿತ್ತು.

“ಪ್ರುಸಾಕ್, ಆಯ್ತಲ್ಲ. ತಿರುಗಿಸಿಟ್ಟು ಬಾರಯ್ಯ,” ಎಂದ ಪಿಂಕ್ನಿ, ಬಾಗಿಲ ಬಳಿಯಿಂದ, ಕಾರಿನ ಕೀಲಿ ಕುಣಿಸುತ್ತ.

ಪ್ರುಸಾಕ್ ಬೋರ್ಡಿನ ಒಂದು ಅಂಚು ಹಿಡಿದ. ಅದು ಅರ್ಧ ತಿರುಗಿತು. ಮುಂದಕ್ಕೆ ತಿರುಗಲಿಲ್ಲ. ಇನ್ನೊಂದು ಅಂಚನ್ನು ವರ್ನಾ ಹಿಡಿದುಕೊಂಡಿದ್ದಳು. ಎಳೆಯಲಿಲ್ಲ, ಬಿಡಲೂ ಇಲ್ಲ. ಗೋಡೆಯ ಕಡೆಗೂ ಅಲ್ಲ, ಹೊರಗಡೆಗೂ ಅಲ್ಲ. ಬಾಗಿಲಿನಿಂದ ನೋಡುವವರಿಗೆ ಬರೀ ಹಲಗೆಯ ದಪ್ಪ ಕಾಣುತ್ತಿತ್ತು, ಅರ್ಧ ಇಂಚು, ಮೇಲೊಂದು ಅಕ್ಷರವಿಲ್ಲದೆ.

“ಎಷ್ಟು?” ಎಂದಳು ವರ್ನಾ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಅವನಿಗೆ ಗೊತ್ತಿತ್ತು. ಜೇಬಿನಲ್ಲೇ ಇತ್ತು. ಅವನ ತುಟಿ ಅಲ್ಲಾಡಿದ್ದನ್ನು ಪಿಂಕ್ನಿ ಕಂಡದ್ದುಂಟು. ಚಳಿಗೆ ಇರಬೇಕು ಎಂದುಕೊಂಡನಂತೆ. ಪ್ರುಸಾಕ್ ಏನಾದರೂ ಹೇಳಿದನೇ, ಹೇಳಿದ್ದರೆ ಅವಳಿಗೆ ಕೇಳಿಸಿತೇ, ಇದನ್ನು ಹೇಳುತ್ತಿರುವವರಿಗೆ ಗೊತ್ತಿಲ್ಲ.